ಕ್ಲ್ಯಾಟ್ ಎಂಬ ಓದಿನ ಪರೀಕ್ಷೆ: ಕಾನೂನು ಶಾಲೆಗೆ ಹೊರಟವರಿಗೆ ಮತ್ತು ಅವರ ಮನೆಯವರಿಗೆ

ದ್ವಿತೀಯ ಪಿಯುಸಿ ಫಲಿತಾಂಶ ಬಂದ ವಾರ ನನ್ನ ಮೊಬೈಲ್‌ಗೆ ಪ್ರತಿ ವರ್ಷವೂ ಒಂದೇ ಬಗೆಯ ಕರೆಗಳು ಬರುತ್ತವೆ. ಹಿಂದಿನ ವರ್ಷ ಚಿತ್ರದುರ್ಗದ ಕಡೆಯ ತಾಯಿಯೊಬ್ಬರು ಮಾತನಾಡಿದರು. ‘ಮಗಳಿಗೆ ತೊಂಬತ್ತೆರಡು ಪರ್ಸೆಂಟ್ ಬಂದಿದೆ ಸರ್. ಲಾಯರ್ ಆಗುತ್ತೇನೆ ಅನ್ನುತ್ತಾಳೆ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್‌ಗೆ ಅರ್ಜಿ ಎಲ್ಲಿ ಕೊಡುತ್ತಾರೆ?’

ಆ ಪ್ರವೇಶ ಪರೀಕ್ಷೆ ಡಿಸೆಂಬರ್‌ನಲ್ಲೇ ಮುಗಿದಿದೆ ಎಂದು ಹೇಳಬೇಕಾಯಿತು. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. ‘ಕಾಲೇಜಿನಲ್ಲಿ ಯಾರೂ ಹೇಳಲೇ ಇಲ್ಲವಲ್ಲ’ ಎಂದರು ಕೊನೆಗೆ.

ಎಂಜಿನಿಯರಿಂಗ್‌ಗೆ ಸಿಇಟಿ, ವೈದ್ಯಕೀಯಕ್ಕೆ ನೀಟ್ ಎಂಬುದು ನಮ್ಮ ಹಳ್ಳಿಯ ಅಂಗಡಿ ಕಟ್ಟೆಯಲ್ಲಿ ಕುಳಿತವರಿಗೂ ಗೊತ್ತು. ಕಾನೂನು ಓದಲು ಹೊರಟವರಿಗೆ ಈ ಮಾಹಿತಿ ತಾನಾಗಿ ಬಂದು ತಲುಪುವುದಿಲ್ಲ. ಹೀಗಾಗಿ ಮೊದಲ ಮೆಟ್ಟಿಲಿನಿಂದಲೇ ಆರಂಭಿಸುತ್ತೇನೆ.

## ಮೊದಲು ತಾರೀಖು

ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಐದು ವರ್ಷದ ಪದವಿಗೆ ಸೇರಲು ಬರೆಯಬೇಕಾದ ಪರೀಕ್ಷೆಯ ಹೆಸರು ಕಾಮನ್ ಲಾ ಅಡ್ಮಿಷನ್ ಟೆಸ್ಟ್. ಎಲ್ಲರ ಬಾಯಲ್ಲಿ ಅದು ಕ್ಲ್ಯಾಟ್. ಹಿಂದೆ ಬೇಸಿಗೆಯಲ್ಲಿ ನಡೆಯುತ್ತಿದ್ದ ಈ ಪರೀಕ್ಷೆ 2022ರಿಂದ ಡಿಸೆಂಬರ್‌ಗೆ ಬಂದಿದೆ. 2023ರಲ್ಲಿ ಡಿಸೆಂಬರ್ 3ರಂದು, 2024ರಲ್ಲಿ ಡಿಸೆಂಬರ್ 1ರಂದು, 2025ರಲ್ಲಿ ಡಿಸೆಂಬರ್ 7ರಂದು ನಡೆಯಿತು. ಮೂರೂ ಭಾನುವಾರಗಳೇ. ಆನ್‌ಲೈನ್ ಅರ್ಜಿ ಮಳೆಗಾಲದ ನಡುವೆ ತೆರೆದು ದೀಪಾವಳಿಯ ಆಸುಪಾಸಿನಲ್ಲಿ ಮುಚ್ಚುತ್ತದೆ.

ಎಂದರೆ, ಪಿಯುಸಿ ಬೋರ್ಡ್ ಪರೀಕ್ಷೆಗೆ ಮೂರು ತಿಂಗಳು ಮೊದಲೇ ಕ್ಲ್ಯಾಟ್ ಮುಗಿದಿರುತ್ತದೆ. ಎರಡನೇ ಪಿಯುಸಿಯಲ್ಲಿ ಓದುತ್ತಿರುವವರು ಫಲಿತಾಂಶಕ್ಕೆ ಕಾಯದೆ ಅರ್ಜಿ ಹಾಕಬಹುದು, ಹಾಕಲೇಬೇಕು. ವಿಜ್ಞಾನ, ವಾಣಿಜ್ಯ, ಕಲೆ ಯಾವ ವಿಭಾಗದವರಾದರೂ ಸರಿ. ಪಿಯುಸಿಯಲ್ಲಿ ಸಾಮಾನ್ಯ ವರ್ಗದವರು ಶೇ 45, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಶೇ 40 ಅಂಕ ಪಡೆದರೆ ಸಾಕು. ವಯಸ್ಸಿನ ಮಿತಿ ಇಲ್ಲ. ಇತ್ತೀಚಿನ ವರ್ಷಗಳಲ್ಲಿ ಅರ್ಜಿ ಶುಲ್ಕ ಸಾಮಾನ್ಯ ವರ್ಗಕ್ಕೆ 4,000 ರೂಪಾಯಿ, ಪರಿಶಿಷ್ಟರಿಗೆ ಮತ್ತು ಬಡತನ ರೇಖೆಗಿಂತ ಕೆಳಗಿನವರಿಗೆ 3,500 ರೂಪಾಯಿ ಇದೆ. ಕೂಲಿ ಮಾಡಿ ಬದುಕುವ ಮನೆಗೆ ಇದು ಸಣ್ಣ ಮೊತ್ತವಲ್ಲ. ಆದ್ದರಿಂದಲೇ ಜುಲೈನಲ್ಲೇ ಈ ಲೆಕ್ಕ ಮನೆಯವರಿಗೆ ಗೊತ್ತಿರಬೇಕು.

## ಎಲ್ಲರಿಗೂ ಒಂದೇ ಪರೀಕ್ಷೆ ಏಕೆ?

ಬೆಂಗಳೂರಿನ ನಾಗರಭಾವಿಯಲ್ಲಿರುವ ನ್ಯಾಷನಲ್ ಲಾ ಸ್ಕೂಲ್ ಈ ಬಗೆಯ ಶಾಲೆಗಳಲ್ಲಿ ಮೊದಲನೆಯದು. ಅದಕ್ಕಾಗಿ ಕರ್ನಾಟಕದ ವಿಧಾನಮಂಡಲ 1986ರಲ್ಲಿ ಕಾಯ್ದೆ ಮಾಡಿತು. 1988ರಲ್ಲಿ ಮೊದಲ ತಂಡದ ಪಾಠ ಶುರುವಾಯಿತು. ಸ್ಥಾಪಕ ನಿರ್ದೇಶಕರಾಗಿದ್ದವರು ಎನ್‌.ಆರ್‌. ಮಾಧವ ಮೆನನ್. ಅಲ್ಲಿಯವರೆಗೆ ಸಾಮಾನ್ಯವಾಗಿ ಒಂದು ಪದವಿ ಮುಗಿಸಿ, ಅನಂತರ ಮೂರು ವರ್ಷ ಕಾನೂನು ಓದುವುದು ರೂಢಿ. ಪಿಯುಸಿ ಮುಗಿದ ಕೂಡಲೇ ಮಕ್ಕಳನ್ನು ಸೇರಿಸಿಕೊಂಡು ಇತಿಹಾಸ, ಅರ್ಥಶಾಸ್ತ್ರ, ಸಮಾಜಶಾಸ್ತ್ರದ ಜೊತೆಯಲ್ಲೇ ಕಾನೂನನ್ನು ಐದು ವರ್ಷ ಕಲಿಸುವ ಪದ್ಧತಿ ಇಲ್ಲಿ ನೆಲೆಗೊಂಡಿತು. ಇದನ್ನು ನೋಡಿ ಭೋಪಾಲ್, ಹೈದರಾಬಾದ್, ಕೋಲ್ಕತ್ತ, ಜೋಧಪುರ ಎಂದು ಒಂದೊಂದೇ ರಾಜ್ಯದಲ್ಲಿ ಶಾಲೆಗಳು ಹುಟ್ಟಿದವು.

ಪ್ರತಿ ಶಾಲೆಯೂ ತನ್ನದೇ ಪರೀಕ್ಷೆ ನಡೆಸುತ್ತಿತ್ತು. ಮಕ್ಕಳು ಒಂದೊಂದಕ್ಕೂ ಬೇರೆ ಶುಲ್ಕ ಕಟ್ಟಿ, ರೈಲು ಹತ್ತಿ ಊರೂರು ಅಲೆಯಬೇಕಿತ್ತು. ಎರಡು ಪರೀಕ್ಷೆಗಳ ದಿನಾಂಕ ಒಂದೇ ಆಗಿಬಿಟ್ಟರೆ ಒಂದನ್ನು ಕೈಬಿಡದೆ ವಿಧಿಯಿರಲಿಲ್ಲ. ಈ ದೂರು 2006ರಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಅದರ ಫಲವಾಗಿ ಮೇ 2008ರಲ್ಲಿ ಏಳು ವಿಶ್ವವಿದ್ಯಾಲಯಗಳಿಗೆ ಸೇರಿ ಮೊದಲ ಕ್ಲ್ಯಾಟ್ ನಡೆಯಿತು. ನಡೆಸಿದ್ದು ನಮ್ಮ ನಾಗರಭಾವಿಯ ಶಾಲೆಯೇ. 2017ರಲ್ಲಿ ಈ ವಿಶ್ವವಿದ್ಯಾಲಯಗಳೆಲ್ಲ ಸೇರಿ ಒಂದು ಒಕ್ಕೂಟ ಕಟ್ಟಿಕೊಂಡವು. ಈಗ ಅರ್ಜಿ, ಪರೀಕ್ಷೆ, ಸೀಟು ಹಂಚಿಕೆ ಎಲ್ಲವೂ ಆ ಒಕ್ಕೂಟದ ಕೆಲಸ. ಇಂದು ಸುಮಾರು ಇಪ್ಪತ್ತೈದು ವಿಶ್ವವಿದ್ಯಾಲಯಗಳಿಗೆ ಒಂದೇ ಅರ್ಜಿ ಸಾಕು.

ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯ ಮಾತ್ರ ಹೊರಗೆ ಉಳಿದು, ಐಲೆಟ್ ಎಂಬ ಬೇರೆ ಪರೀಕ್ಷೆ ನಡೆಸುತ್ತದೆ. ಅದೂ ಡಿಸೆಂಬರ್‌ನಲ್ಲೇ. ಕ್ಲ್ಯಾಟ್‌ಗೆ ಓದಿದವರು ಅದಕ್ಕೂ ಅರ್ಜಿ ಹಾಕುವುದು ರೂಢಿ.

## ಎರಡು ಗಂಟೆ, ನೂರಿಪ್ಪತ್ತು ಪ್ರಶ್ನೆ

ಪರೀಕ್ಷೆ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ. ಕಂಪ್ಯೂಟರ್ ಇಲ್ಲ, ಕಾಗದದ ಪ್ರಶ್ನೆಪತ್ರಿಕೆ ಮತ್ತು ಒಎಂಆರ್ ಹಾಳೆ. 120 ಪ್ರಶ್ನೆಗಳು, ಒಂದೊಂದಕ್ಕೂ ನಾಲ್ಕು ಆಯ್ಕೆ. ಸರಿಯಾದರೆ ಒಂದು ಅಂಕ, ತಪ್ಪಾದರೆ ಕಾಲು ಅಂಕ ಕಡಿತ.

ಬಿಡಿ ಪ್ರಶ್ನೆಗಳು ಇರುವುದಿಲ್ಲ. ಮೊದಲು ಸುಮಾರು 450 ಪದಗಳ ಒಂದು ಬರಹದ ತುಣುಕು, ಅದರ ಕೆಳಗೆ ನಾಲ್ಕಾರು ಪ್ರಶ್ನೆ. ಮತ್ತೆ ಇನ್ನೊಂದು ತುಣುಕು. ಹೀಗೆ ಎಲ್ಲವನ್ನೂ ಕೂಡಿಸಿದರೆ ಎರಡು ಗಂಟೆಯಲ್ಲಿ ಹತ್ತಿರ ಹತ್ತಿರ ಹತ್ತು ಸಾವಿರ ಇಂಗ್ಲಿಷ್ ಪದಗಳನ್ನು ಓದಿ ಅರ್ಥಮಾಡಿಕೊಳ್ಳಬೇಕು, ಉತ್ತರವನ್ನೂ ಗುರುತಿಸಬೇಕು. ಕೈಪಿಡಿಗಳನ್ನು ಉರು ಹೊಡೆದು ಬಂದವರು ಇಲ್ಲಿ ಎಡವುತ್ತಾರೆ. ಕ್ಲ್ಯಾಟ್ ಅಳೆಯುವುದು ಓದುವ ಶಕ್ತಿಯನ್ನು. ಈ ಒಂದು ಮಾತು ಮನಸ್ಸಿಗೆ ಇಳಿದರೆ ತಯಾರಿಯ ದಾರಿ ಸ್ಪಷ್ಟವಾಗುತ್ತದೆ.

ಐದು ವಿಭಾಗಗಳಿವೆ. ಪ್ರಚಲಿತ ವಿದ್ಯಮಾನ ಮತ್ತು ಸಾಮಾನ್ಯ ಜ್ಞಾನಕ್ಕೆ ಸುಮಾರು ಕಾಲು ಭಾಗ, ಕಾನೂನು ತರ್ಕಕ್ಕೆ ಇನ್ನೊಂದು ಕಾಲು ಭಾಗ. ಇಂಗ್ಲಿಷ್ ಮತ್ತು ತಾರ್ಕಿಕ ಯೋಚನೆಗೆ ತಲಾ ಐದನೇ ಒಂದು ಭಾಗ. ಉಳಿದ ಹತ್ತನೇ ಒಂದು ಭಾಗ ಗಣಿತಕ್ಕೆ.

## ಕೃಷಿ ಹೊಂಡ ಒಡೆದರೆ ಹೊಣೆ ಯಾರದು?

ಹೆಚ್ಚಿನವರು ಹೆದರುವುದು ಕಾನೂನು ತರ್ಕದ ವಿಭಾಗಕ್ಕೆ. ‘ಕಾನೂನೇ ಓದಿಲ್ಲ, ಹೇಗೆ ಬರೆಯುವುದು?’ ಎಂದು ಕೇಳುತ್ತಾರೆ. ಇಲ್ಲಿ ಕಾನೂನು ಮೊದಲೇ ತಿಳಿದಿರಬೇಕಾಗಿಲ್ಲ. ನಿಯಮವನ್ನು ಅವರೇ ಕೊಡುತ್ತಾರೆ. ಅದನ್ನು ಮುಂದಿರುವ ಘಟನೆಗೆ ಹೊಂದಿಸುವುದಷ್ಟೇ ನಮ್ಮ ಕೆಲಸ. ಒಂದು ಉದಾಹರಣೆ ಕಟ್ಟಿ ನೋಡೋಣ.

ತುಣುಕಿನಲ್ಲಿ ಹೀಗಿದೆ ಎಂದುಕೊಳ್ಳಿ: ತನ್ನ ಜಮೀನಿನಲ್ಲಿ ಸಹಜವಾಗಿ ಇಲ್ಲದ, ಹೊರಗೆ ಹೋದರೆ ಹಾನಿ ಮಾಡಬಲ್ಲ ವಸ್ತುವನ್ನು ಒಬ್ಬನು ತಂದು ಸಂಗ್ರಹಿಸಿದ್ದಾನೆ. ಅದು ಹೊರಬಿದ್ದು ಇನ್ನೊಬ್ಬರಿಗೆ ನಷ್ಟವಾದರೆ ಅವನೇ ತುಂಬಿಕೊಡಬೇಕು. ಅವನು ಎಷ್ಟೇ ಎಚ್ಚರ ವಹಿಸಿದ್ದರೂ ಹೊಣೆ ತಪ್ಪದು. ಆದರೆ ನಷ್ಟ ಅನುಭವಿಸಿದವರ ತಪ್ಪಿನಿಂದಲೇ ಅದು ಹೊರಬಿದ್ದಿದ್ದರೆ ಹೊಣೆ ಇಲ್ಲ.

ಘಟನೆ: ಕರಿಯಪ್ಪ ತನ್ನ ಹೊಲದಲ್ಲಿ ಕೃಷಿ ಹೊಂಡ ತೋಡಿಸುತ್ತಾನೆ. ಎಂಜಿನಿಯರ್‌ನ ಸಲಹೆಯಂತೆ ಏರಿ ಹಾಕಿಸುತ್ತಾನೆ, ಪ್ರತಿ ವಾರ ನೋಡಿಕೊಳ್ಳುತ್ತಾನೆ. ಹಾಗಿದ್ದರೂ ಒಂದು ರಾತ್ರಿ ಏರಿ ಒಡೆದು ನೀರು ಸಿದ್ದಮ್ಮನ ರಾಗಿ ಹೊಲಕ್ಕೆ ನುಗ್ಗಿ ಪೈರು ಕೊಚ್ಚಿಹೋಗುತ್ತದೆ. ಕರಿಯಪ್ಪ ನಷ್ಟ ತುಂಬಿಕೊಡಬೇಕೇ?

ನಮ್ಮ ಮನಸ್ಸು ತಕ್ಷಣ ‘ಪಾಪ, ಅವನದೇನು ತಪ್ಪು?’ ಎನ್ನುತ್ತದೆ. ಅದಕ್ಕೆ ಒಪ್ಪುವ ಆಯ್ಕೆಯೂ ಅಲ್ಲೇ ಇರುತ್ತದೆ: ‘ಎಲ್ಲ ಎಚ್ಚರಿಕೆ ವಹಿಸಿದ್ದರಿಂದ ಹೊಣೆ ಇಲ್ಲ’. ಆದರೆ ಎಚ್ಚರಿಕೆ ವಹಿಸಿದ್ದರೂ ಹೊಣೆ ತಪ್ಪದು ಎಂದು ನಿಯಮ ಬಾಯಿಬಿಟ್ಟು ಹೇಳಿದೆ. ಹಾಗಾಗಿ ಕರಿಯಪ್ಪನೇ ಹೊಣೆ.

ಮುಂದಿನ ಪ್ರಶ್ನೆಯಲ್ಲಿ ಘಟನೆಯನ್ನು ಒಂದಿಷ್ಟು ತಿರುಗಿಸುತ್ತಾರೆ. ಸಿದ್ದಮ್ಮ ತನ್ನ ಹೊಲ ಸಮತಟ್ಟು ಮಾಡಲು ಆ ಏರಿಯ ಬುಡದ ಮಣ್ಣನ್ನೇ ತೆಗೆಸಿದ್ದಳು, ಅದರಿಂದಲೇ ಏರಿ ಕುಸಿಯಿತು ಎಂದು ಸೇರಿಸಿದರೆ? ಈಗ ನಿಯಮದ ಕೊನೆಯ ಸಾಲು ಕೆಲಸಕ್ಕೆ ಬರುತ್ತದೆ. ಕರಿಯಪ್ಪನಿಗೆ ಹೊಣೆ ಇಲ್ಲ.

ಈ ನಿಯಮ ನಾನು ಹುಟ್ಟಿಸಿದ್ದಲ್ಲ. ಇಂಗ್ಲೆಂಡಿನಲ್ಲಿ ಒಬ್ಬರು ಕಟ್ಟಿಸಿದ ಜಲಾಶಯದ ನೀರು ಪಕ್ಕದವರ ಕಲ್ಲಿದ್ದಲು ಗಣಿಗೆ ನುಗ್ಗಿದ ಪ್ರಕರಣದಲ್ಲಿ, ರೈಲ್ಯಾಂಡ್ಸ್ ಮತ್ತು ಫ್ಲೆಚರ್ ನಡುವಿನ ವ್ಯಾಜ್ಯದಲ್ಲಿ, 1868ರಲ್ಲಿ ಇದು ನೆಲೆಗೊಂಡಿತು. ನಮ್ಮ ಸುಪ್ರೀಂ ಕೋರ್ಟ್ ದೆಹಲಿಯ ಓಲಿಯಂ ಅನಿಲ ಸೋರಿಕೆ ಪ್ರಕರಣದಲ್ಲಿ 1986ರ ಡಿಸೆಂಬರ್‌ನಲ್ಲಿ ಇದನ್ನು ಇನ್ನೂ ಬಿಗಿಗೊಳಿಸಿತು. ಅಪಾಯಕಾರಿ ಉದ್ದಿಮೆಗಳಿಗೆ ಆ ವಿನಾಯಿತಿಗಳೂ ಸಿಗುವುದಿಲ್ಲ ಎಂದು ಹೇಳಿತು. ಇದೆಲ್ಲ ತಿಳಿದಿದ್ದರೆ ತುಣುಕು ಓದಲು ಹಗುರ. ಆದರೆ ಉತ್ತರಿಸುವಾಗ ಆ ತಿಳಿವಳಿಕೆಯನ್ನು ಬದಿಗಿಡಬೇಕು. ತುಣುಕಿನಲ್ಲಿ ವಿನಾಯಿತಿ ಇಲ್ಲ ಎಂದಿದ್ದರೆ ಇಲ್ಲ, ಇದೆ ಎಂದಿದ್ದರೆ ಇದೆ. ಕೋಚಿಂಗ್‌ನಲ್ಲಿ ಪ್ರಕರಣಗಳನ್ನು ಬಾಯಿಪಾಠ ಮಾಡಿದ ಜಾಣ ಮಕ್ಕಳು ಇಲ್ಲಿಯೇ ಅಂಕ ಕಳೆದುಕೊಳ್ಳುವುದನ್ನು ನೋಡಿದ್ದೇನೆ. ಅವರು ನೆನಪಿನಿಂದ ಉತ್ತರಿಸುತ್ತಾರೆ, ಎದುರಿಗಿರುವ ಸಾಲನ್ನು ಓದುವುದಿಲ್ಲ.

## ಉಳಿದ ನಾಲ್ಕು ವಿಭಾಗಗಳು

ತಾರ್ಕಿಕ ಯೋಚನೆಯಲ್ಲಿ ಒಂದು ವಾದವನ್ನು ಬಿಚ್ಚಿ ನೋಡಬೇಕು. ‘ಊರಿನ ಗ್ರಂಥಾಲಯಕ್ಕೆ ಬರುವವರು ಕಡಿಮೆಯಾಗಿದ್ದಾರೆ, ಆದ್ದರಿಂದ ಊರಿನಲ್ಲಿ ಓದುವವರೇ ಕಡಿಮೆಯಾಗಿದ್ದಾರೆ’ ಎಂದು ಲೇಖಕ ಹೇಳಿದರೆ, ಅವನು ಬಾಯಿಬಿಟ್ಟು ಹೇಳದೆ ನಂಬಿಕೊಂಡಿರುವುದು ಏನು? ಓದುವವರೆಲ್ಲ ಗ್ರಂಥಾಲಯದಲ್ಲೇ ಓದುತ್ತಾರೆ ಎಂಬುದನ್ನು. ಮನೆಯಲ್ಲಿ, ಮೊಬೈಲ್‌ನಲ್ಲಿ ಓದುವವರು ಹೆಚ್ಚಿದ್ದಾರೆ ಎಂಬ ಮಾಹಿತಿ ಸಿಕ್ಕರೆ ಆ ವಾದ ಸಡಿಲವಾಗುತ್ತದೆ. ಪ್ರಶ್ನೆಗಳು ಈ ಜಾಡಿನವು.

ಇಂಗ್ಲಿಷ್ ವಿಭಾಗದಲ್ಲಿ ವ್ಯಾಕರಣದ ಸೂತ್ರಗಳನ್ನು ನೇರವಾಗಿ ಕೇಳುವುದು ಕಡಿಮೆ. ಬರೆದವರ ನಿಲುವೇನು, ಈ ಪದಕ್ಕೆ ಇಲ್ಲಿ ಅರ್ಥವೇನು ಎಂದು ಕೇಳುತ್ತಾರೆ. ಗಣಿತ ಹತ್ತನೇ ತರಗತಿಯ ಮಟ್ಟದ್ದು. ಶೇಕಡಾವಾರು, ಅನುಪಾತ, ಸರಾಸರಿ. ಕಲಾ ವಿಭಾಗದವರು ಇದನ್ನು ಕೈಬಿಡುತ್ತಾರೆ. ಹಾಗೆ ಮಾಡಬಾರದು. ಹನ್ನೆರಡು ಅಂಕ ಶ್ರೇಯಾಂಕವನ್ನು ಸಾವಿರಗಟ್ಟಲೆ ಮೇಲೆ ಕೆಳಗೆ ಮಾಡುತ್ತದೆ.

ಪ್ರಚಲಿತ ವಿದ್ಯಮಾನದಲ್ಲಿ ಮಾತ್ರ ತುಣುಕು ಓದಿದರೆ ಉತ್ತರ ಸಿಗುವುದಿಲ್ಲ. ತುಣುಕು ಒಂದು ನೆಪ. ಒಂದು ಒಪ್ಪಂದದ ಬಗ್ಗೆ ಬರೆದು, ಅದಕ್ಕೆ ಸಹಿ ಬಿದ್ದ ವರ್ಷ, ಅದರ ಸದಸ್ಯ ದೇಶಗಳನ್ನು ಕೇಳುತ್ತಾರೆ. ಇದಕ್ಕೆ ಒಂದು ವರ್ಷ ಬಿಡದೆ ಪತ್ರಿಕೆ ಓದುವುದು ಬಿಟ್ಟರೆ ಅಡ್ಡದಾರಿ ಇಲ್ಲ.

## ಗೊತ್ತಿಲ್ಲದಿದ್ದರೆ ಊಹಿಸಬಹುದೇ?

ಲೆಕ್ಕ ಹಾಕಿ ನೋಡೋಣ. ಏನೂ ಗೊತ್ತಿಲ್ಲದ ನಾಲ್ಕು ಪ್ರಶ್ನೆಗಳಿಗೆ ಕಣ್ಣು ಮುಚ್ಚಿ ಗುರುತು ಹಾಕಿದರೆ, ಸರಾಸರಿಯಲ್ಲಿ ಒಂದು ಸರಿಯಾಗುತ್ತದೆ, ಮೂರು ತಪ್ಪಾಗುತ್ತವೆ. ಬಂದದ್ದು 1, ಹೋದದ್ದು 0.75. ನಾಲ್ಕು ಪ್ರಶ್ನೆಗೆ ಉಳಿದದ್ದು ಕಾಲು ಅಂಕ. ಅದು ಅದೃಷ್ಟದ ಆಟ, ತಿರುಗಿ ಬೀಳಲೂಬಹುದು. ಆದರೆ ಎರಡು ಆಯ್ಕೆಗಳು ಖಂಡಿತ ತಪ್ಪು ಎಂದು ತಿಳಿದಿದ್ದರೆ? ಅಂತಹ ಎರಡು ಪ್ರಶ್ನೆಗಳಲ್ಲಿ ಒಂದು ಸರಿ, ಒಂದು ತಪ್ಪು. 1ರಲ್ಲಿ 0.25 ಕಳೆದರೆ ಮುಕ್ಕಾಲು ಅಂಕ ಕೈಯಲ್ಲಿರುತ್ತದೆ. ಎರಡನ್ನು ಹೊಡೆದುಹಾಕಲು ಬಂದರೆ ಗುರುತು ಹಾಕಿ, ಇಲ್ಲವಾದರೆ ಮುಂದಕ್ಕೆ ಹೋಗಿ.

ಪರೀಕ್ಷೆಯ ಬಳಿಕ ಒಕ್ಕೂಟ ತಾತ್ಕಾಲಿಕ ಕೀ ಉತ್ತರಗಳನ್ನು ಪ್ರಕಟಿಸಿ, ಶುಲ್ಕ ಪಡೆದು ಆಕ್ಷೇಪಣೆ ಸ್ವೀಕರಿಸುತ್ತದೆ. ಇದನ್ನು ಕಡೆಗಣಿಸಬೇಡಿ. ಡಿಸೆಂಬರ್ 2024ರ ಪರೀಕ್ಷೆಯ ಕೆಲವು ಉತ್ತರಗಳ ವಿವಾದ ದೆಹಲಿ ಹೈಕೋರ್ಟ್ ದಾಟಿ ಸುಪ್ರೀಂ ಕೋರ್ಟ್‌ವರೆಗೆ ಹೋಗಿ, ಮೇ 2025ರಲ್ಲಿ ಶ್ರೇಯಾಂಕ ಪಟ್ಟಿಯನ್ನೇ ಪರಿಷ್ಕರಿಸಬೇಕಾಯಿತು.

## ಕನ್ನಡ ಮಾಧ್ಯಮದಲ್ಲಿ ಓದಿದವರು

ಪರೀಕ್ಷೆ ಇಂಗ್ಲಿಷ್‌ನಲ್ಲಿ ಮಾತ್ರ ನಡೆಯುತ್ತದೆ. ಪ್ರಾದೇಶಿಕ ಭಾಷೆಗಳಲ್ಲೂ ನಡೆಸಬೇಕೆಂಬ ಸಾರ್ವಜನಿಕ ಹಿತಾಸಕ್ತಿ ಅರ್ಜಿ 2023ರಲ್ಲಿ ದೆಹಲಿ ಹೈಕೋರ್ಟ್ ಮುಂದೆ ಬಂದಿತ್ತು. ಇದು ನ್ಯಾಯವಾದ ಬೇಡಿಕೆ ಎಂದು ನಾನು ಮನಸಾರೆ ನಂಬುತ್ತೇನೆ. ಆದರೆ ಈ ವರ್ಷ ಬರೆಯುವ ಹುಡುಗಿ ತೀರ್ಪಿಗಾಗಿ ಕಾಯಲಾಗದು.

ಅವಳಿಗೆ ಕೊರತೆಯಿರುವುದು ಬುದ್ಧಿಯದಲ್ಲ, ಇಂಗ್ಲಿಷ್ ಓದಿನ ವೇಗದ್ದು. ವೇಗವನ್ನು ಅಭ್ಯಾಸದಿಂದ ತಂದುಕೊಳ್ಳಬಹುದು. ನಾನು ಮಕ್ಕಳಿಗೆ ಹೇಳುವ ಕ್ರಮ ಇದು. ಬೆಳಿಗ್ಗೆ ಕನ್ನಡ ಪತ್ರಿಕೆಯಲ್ಲಿ ಒಂದು ಸುದ್ದಿಯನ್ನು, ಹೈಕೋರ್ಟ್ ತೀರ್ಪೋ ಬಜೆಟ್ಟೋ ಯಾವುದಾದರೂ ಸರಿ, ಪೂರ್ತಿ ಓದಿ. ವಿಷಯ ತಲೆಯಲ್ಲಿ ಕುಳಿತ ಮೇಲೆ ಅದೇ ಸುದ್ದಿಯನ್ನು ಇಂಗ್ಲಿಷ್ ಪತ್ರಿಕೆಯಲ್ಲಿ ಓದಿ. ಏನು ಹೇಳುತ್ತಿದ್ದಾರೆಂದು ಮೊದಲೇ ಗೊತ್ತಿರುವುದರಿಂದ ಹೊಸ ಪದಗಳ ಅರ್ಥ ತಾನಾಗಿ ತಿಳಿಯುತ್ತದೆ. ‘ಲಯಬಲ್’ ಎಂದರೆ ಹೊಣೆಗಾರ, ‘ಪ್ಲೇಂಟಿಫ್’ ಎಂದರೆ ದಾವೆ ಹೂಡಿದವರು ಎಂದು ನಿಘಂಟಿಲ್ಲದೆಯೇ ಹೊಳೆಯುತ್ತದೆ. ಓದಿ ಮುಗಿದ ಮೇಲೆ ಪತ್ರಿಕೆ ಮಡಚಿಟ್ಟು, ಬರೆದವರು ಏನನ್ನು ಸಾಧಿಸಲು ಹೊರಟಿದ್ದಾರೆ ಎಂದು ಒಂದೇ ವಾಕ್ಯದಲ್ಲಿ ಬರೆದುಕೊಳ್ಳಿ. ಕನ್ನಡದಲ್ಲಿ ಬರೆದರೂ ಸರಿ.

ಮೊದಲ ತಿಂಗಳು ಒಂದು ಸಂಪಾದಕೀಯಕ್ಕೆ ಹತ್ತು ಹನ್ನೆರಡು ನಿಮಿಷ ಹಿಡಿಯುತ್ತದೆ. ಗಡಿಯಾರ ನೋಡಿ ಬರೆದಿಡಿ. ಅದು ನಾಲ್ಕು ನಿಮಿಷಕ್ಕೆ ಇಳಿದ ದಿನ ಹಳೆಯ ಪ್ರಶ್ನೆಪತ್ರಿಕೆಗಳಿಗೆ ಕೈ ಹಾಕಬಹುದು. 2020ರಿಂದ ಈಚಿನವನ್ನಷ್ಟೇ ತೆಗೆದುಕೊಳ್ಳಿ, ಏಕೆಂದರೆ ತುಣುಕು ಓದಿ ಉತ್ತರಿಸುವ ಪದ್ಧತಿ ಆ ವರ್ಷದಿಂದ ಬಂತು. ಅಣಕು ಪರೀಕ್ಷೆಯನ್ನು ಮಧ್ಯಾಹ್ನ ಎರಡು ಗಂಟೆಗೇ ಬರೆಯಿರಿ. ಊಟದ ನಂತರದ ಮಂಪರಿನಲ್ಲೂ ಓದಲು ಮೈ ಒಗ್ಗಬೇಕು. ತಪ್ಪಾದ ಪ್ರತಿ ಉತ್ತರದ ಪಕ್ಕದಲ್ಲಿ ಕಾರಣ ಬರೆಯಿರಿ: ಪದ ತಿಳಿಯಲಿಲ್ಲವೇ, ಸಾಲು ಬಿಟ್ಟುಹೋಯಿತೇ, ಗಡಿಬಿಡಿಯೇ?

ಸೌಲಭ್ಯವಿಲ್ಲದ ಮನೆಗಳ ಮಕ್ಕಳಿಗೆ ತರಬೇತಿ ಮತ್ತು ನೆರವು ಕೊಡುವ ಇಡಿಯಾ ಎಂಬ ಸಂಸ್ಥೆಯೂ ಇದೆ. ನಾಗರಭಾವಿಯ ಶಾಲೆಯಲ್ಲೇ ಓದಿದ ಶಮ್ನಾದ್ ಬಷೀರ್ ಅದನ್ನು 2010ರಲ್ಲಿ ಆರಂಭಿಸಿದರು.

## ಶ್ರೇಯಾಂಕ ಬಂದ ಮೇಲೆ

ಪರೀಕ್ಷೆಯಷ್ಟೇ ಎಚ್ಚರ ಬೇಕಾದ ಕೆಲಸ ಕೌನ್ಸೆಲಿಂಗ್. ಇದಕ್ಕೆ ಮುಂಗಡವಾಗಿ ಹತ್ತಾರು ಸಾವಿರ ರೂಪಾಯಿ ಕಟ್ಟಬೇಕಾಗುತ್ತದೆ, ಮನೆಯಲ್ಲಿ ಮೊದಲೇ ಹೊಂದಿಸಿಟ್ಟುಕೊಳ್ಳಿ. ಯಾವ ವಿಶ್ವವಿದ್ಯಾಲಯ ಮೊದಲು, ಯಾವುದು ನಂತರ ಎಂದು ಆದ್ಯತಾ ಪಟ್ಟಿ ಕೊಡಬೇಕು.

ಬಸ್ ನಿಲ್ದಾಣದಲ್ಲಿ ಟೋಕನ್ ಸಂಖ್ಯೆಯ ಪ್ರಕಾರ ಒಬ್ಬೊಬ್ಬರನ್ನೇ ಹತ್ತಿಸುತ್ತಿದ್ದಾರೆ ಎಂದುಕೊಳ್ಳಿ. ನಿಮ್ಮ ಸರದಿ ಬಂದಾಗ, ಖಾಲಿ ಇರುವ ಸೀಟುಗಳಲ್ಲಿ ನಿಮ್ಮ ಪಟ್ಟಿಯ ಎಲ್ಲಕ್ಕಿಂತ ಮೇಲಿರುವುದನ್ನು ಕೊಡುತ್ತಾರೆ. ಕಿಟಕಿ ಪಕ್ಕದ್ದು ಹೇಗೂ ಸಿಗದು ಎಂದು ಹೆದರಿ ಹಿಂದಿನ ಸೀಟನ್ನು ಮೊದಲು ಬರೆದರೆ, ಕಿಟಕಿ ಖಾಲಿ ಇದ್ದರೂ ನಿಮಗೆ ಹಿಂದಿನ ಸೀಟೇ. ಆದ್ದರಿಂದ ನಿಜವಾಗಿ ಬೇಕಾದ ಕ್ರಮದಲ್ಲೇ ಬರೆಯಿರಿ. ಹಾಗೆ ಬರೆದು ಕಳೆದುಕೊಳ್ಳುವುದು ಏನೂ ಇಲ್ಲ.

ಸೀಟು ಸಿಕ್ಕಾಗ ಮೂರು ದಾರಿಗಳು. ‘ಫ್ರೀಜ್’ ಎಂದರೆ ಇದೇ ಸಾಕು, ಮುಂದಿನ ಸುತ್ತು ಬೇಡ. ‘ಫ್ಲೋಟ್’ ಎಂದರೆ ಸಿಕ್ಕ ಸೀಟಿನ ಮೇಲೆ ಟವೆಲ್ ಹಾಕಿ, ಇನ್ನೂ ಒಳ್ಳೆಯದಕ್ಕೆ ಕಾಯುವುದು. ‘ಎಕ್ಸಿಟ್’ ಎಂದರೆ ಬಸ್ಸಿನಿಂದಲೇ ಇಳಿಯುವುದು. ಫ್ಲೋಟ್ ಮಾಡಿದವರಿಗೆ ಮೇಲಿನ ಸೀಟು ಸಿಕ್ಕಿದೊಡನೆ ಹಳೆಯದು ಬೇರೆಯವರ ಪಾಲಾಗುತ್ತದೆ. ಮರಳಿ ಕೇಳುವಂತಿಲ್ಲ.

ನಮ್ಮ ಮಕ್ಕಳು ಒಂದು ವಿಷಯ ಗಮನಿಸಬೇಕು. ಬೆಂಗಳೂರಿನ ಶಾಲೆಯಲ್ಲಿ ಕರ್ನಾಟಕದ ವಿದ್ಯಾರ್ಥಿಗಳಿಗೆ ಶೇ 25 ಸಮತಲ ಮೀಸಲಾತಿ ಇದೆ. ಇದಕ್ಕಾಗಿ ರಾಜ್ಯ ಸರ್ಕಾರ 2020ರಲ್ಲಿ ತಂದ ತಿದ್ದುಪಡಿಯನ್ನು ಹೈಕೋರ್ಟ್ ರದ್ದುಪಡಿಸಿತ್ತು. ಮರುವರ್ಷ ಶಾಲೆಯೇ ತನ್ನ ಯೋಜನೆಯಲ್ಲಿ ಇದನ್ನು ಅಳವಡಿಸಿಕೊಂಡಿತು. ಸಮತಲ ಎಂದರೆ ಇದು ಪ್ರತ್ಯೇಕ ರಾಶಿಯಲ್ಲ. ಸಾಮಾನ್ಯ, ಪರಿಶಿಷ್ಟ ಎಂದಿರುವ ಪ್ರತಿ ವರ್ಗದ ಒಳಗೂ ಕಾಲು ಭಾಗ ಕರ್ನಾಟಕದಲ್ಲಿ ಹತ್ತು ವರ್ಷ ಓದಿದವರಿಗೆ. ಅರ್ಜಿಯಲ್ಲಿ ಇದನ್ನು ಗುರುತಿಸದೆ ಬಿಟ್ಟರೆ ಸೌಲಭ್ಯ ಸಿಗುವುದಿಲ್ಲ. ಶಾಲೆಗಳಿಂದ ವ್ಯಾಸಂಗ ಪ್ರಮಾಣಪತ್ರ, ನಾಡಕಚೇರಿಯಿಂದ ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ಮಳೆಗಾಲದಲ್ಲೇ ತೆಗೆದಿಟ್ಟುಕೊಳ್ಳಿ.

ಇನ್ನು ಖರ್ಚು. ರಾಷ್ಟ್ರೀಯ ಕಾನೂನು ಶಾಲೆಗಳಲ್ಲಿ ಹಾಸ್ಟೆಲ್ ಸೇರಿ ವಾರ್ಷಿಕ ಶುಲ್ಕ ಲಕ್ಷಗಳ ಲೆಕ್ಕದಲ್ಲಿದೆ. ಆದ್ಯತಾ ಪಟ್ಟಿ ಬರೆಯುವ ಮೊದಲು ಪ್ರತಿ ಶಾಲೆಯ ಶುಲ್ಕ ರಿಯಾಯಿತಿ, ರಾಜ್ಯದ ವಿದ್ಯಾರ್ಥಿವೇತನ, ಬ್ಯಾಂಕ್ ಸಾಲ ಮೂರನ್ನೂ ವಿಚಾರಿಸಿಕೊಳ್ಳಿ.

## ಡಿಸೆಂಬರ್ ತಪ್ಪಿಹೋದವರಿಗೆ

ಮತ್ತೆ ಆ ತಾಯಿಯ ಕರೆಗೆ ಬರುತ್ತೇನೆ. ಕ್ಲ್ಯಾಟ್ ತಪ್ಪಿದರೆ ವಕೀಲಿ ತಪ್ಪಿತು ಎಂದಲ್ಲ. 2009ರಲ್ಲಿ ಹುಬ್ಬಳ್ಳಿಯಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿ ರಾಜ್ಯದ ಉದ್ದಗಲಕ್ಕೂ ಕಾನೂನು ಕಾಲೇಜುಗಳಿವೆ. ಅಲ್ಲಿ ಐದು ವರ್ಷದ ಪದವಿಗೆ ಪಿಯುಸಿ ಅಂಕಗಳ ಮೇಲೆ ಪ್ರವೇಶ ಸಿಗುತ್ತದೆ. ಉತ್ತರ ಪತ್ರಿಕೆಯನ್ನು ಪೂರ್ತಿಯಾಗಿ ಇಂಗ್ಲಿಷ್‌ನಲ್ಲಿ ಇಲ್ಲವೇ ಪೂರ್ತಿಯಾಗಿ ಕನ್ನಡದಲ್ಲಿ ಬರೆಯಬಹುದು. ಪದವಿಯ ನಂತರ ಎಲ್ಲ ವಕೀಲರೂ ಬರೆಯಲೇಬೇಕಾದ ಅಖಿಲ ಭಾರತ ವಕೀಲರ ಪರೀಕ್ಷೆಯಲ್ಲೂ ಕನ್ನಡದ ಆಯ್ಕೆ ಇದೆ. ಬೇರೆ ಪದವಿ ಮುಗಿಸಿದವರಿಗೆ ಮೂರು ವರ್ಷದ ಎಲ್‌ಎಲ್‌ಬಿ ಇದ್ದೇ ಇದೆ. ನಾಗರಭಾವಿಯ ಶಾಲೆಯೂ 2022ರಿಂದ ಅದನ್ನು ಆರಂಭಿಸಿದೆ, ಎನ್‌ಎಲ್‌ಎಸ್‌ಎಟಿ ಎಂಬ ತನ್ನದೇ ಪ್ರವೇಶ ಪರೀಕ್ಷೆಯ ಮೂಲಕ.

ಇದನ್ನೆಲ್ಲ ಫೋನ್‌ನಲ್ಲಿ ಹೇಳಿದಾಗ ಅವರು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. ನಡುನಡುವೆ ‘ಸ್ವಲ್ಪ ತಡೆಯಿರಿ ಸರ್’ ಎನ್ನುತ್ತಿದ್ದರು. ಮಗಳು ಈಗ ಜಿಲ್ಲೆಯ ಕಾನೂನು ಕಾಲೇಜಿನಲ್ಲಿ ಮೊದಲ ವರ್ಷ ಓದುತ್ತಿದ್ದಾಳೆ. ಆಗಸ್ಟ್‌ನಲ್ಲಿ ಕ್ಲ್ಯಾಟ್ ಅರ್ಜಿಯನ್ನೂ ಹಾಕಿದ್ದಾಳೆ.